ಒಂದು ಹೊರೆ ಅಂದರೆ ಎಷ್ಟು?

ನಮ್ಮ ಸಂಘದ ಈ ಪತ್ರಿಕೆಯಲ್ಲಿ ಬೆಂಕಿಗೆ ಬರ ಇಲ್ಲ. ಹಸಿವಿನ ಬೆಂಕಿ, ಕ್ರಾಂತಿಯ ಬೆಂಕಿ, ವಿರಹದ ಬೆಂಕಿ ಎಲ್ಲವನ್ನೂ ನಮ್ಮ ಕವಿಮಿತ್ರರು ಸಂಚಿಕೆ ಸಂಚಿಕೆಗೂ ಹಚ್ಚುತ್ತಲೇ ಇದ್ದಾರೆ. ಆದರೆ ಆ ಬೆಂಕಿಗೆ ಸೌದೆ ಎಲ್ಲಿಂದ ಬಂತು, ಯಾವ ಲೆಕ್ಕದಲ್ಲಿ ಕೊಂಡರು, ಅದು ಹಸಿಯೋ ಒಣಗಿದ್ದೋ ಅಂತ ಈವರೆಗೆ ಒಬ್ಬರೂ ಬರೆದಿಲ್ಲ. ನಾನು ಕಾಮರ್ಸ್ ಓದುವವನು. ಕವಿತೆ ಬರುವುದಿಲ್ಲ, ಲೆಕ್ಕ ಬರುತ್ತದೆ. ಆದ್ದರಿಂದ ಈ ಸಲ ಸೌದೆಯ ಲೆಕ್ಕ ಬರೆಯೋಣ ಅಂತ ಕೂತಿದ್ದೇನೆ. ಸಂಪಾದಕರು ಕತ್ತರಿ ಹಾಕದಿದ್ದರೆ ನೀವು ಓದುತ್ತೀರಿ.

ನಾನು ಹೇಳಬೇಕೆಂದಿರುವುದು ಇಷ್ಟೆ. ತಕ್ಕಡಿ ಸರಿಯಾಗಿದ್ದರೂ, ಬಟ್ಟಿನ ಮೇಲೆ ಸರಕಾರದ ಮುದ್ರೆ ಇದ್ದರೂ, ಸೌದೆ ವ್ಯಾಪಾರದಲ್ಲಿ ಬಡವನು ಕಳೆದುಕೊಳ್ಳುತ್ತಾನೆ. ಯಾಕೆಂದರೆ ಅಲ್ಲಿ ಯಾವ ಅಳತೆಯಿಂದ ಕೊಳ್ಳಬೇಕು, ಯಾವ ಅಳತೆಯಿಂದ ಮಾರಬೇಕು ಅನ್ನುವುದನ್ನು ನಿರ್ಧರಿಸುವವನು ಬೇರೆ. ಅಳತೆಯನ್ನು ಆರಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಲಾಭ ಅವರ ಕೈಗೆ ಹೋಗುತ್ತದೆ.

“ಈ ಕಾಲದಲ್ಲಿ ಸೌದೆ ಯಾರು ಉರಿಸ್ತಾರೆ ಮಾರಾಯ?” ಅಂತ ಒಬ್ಬ ಗೆಳೆಯ ಕ್ಯಾಂಟೀನಿನಲ್ಲಿ ಕೇಳಿಯೇ ಬಿಟ್ಟ. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಬಂತಲ್ಲ, ಎಲ್ಲರ ಮನೆಗೂ ಸಿಲಿಂಡರ್ ಬಂತಲ್ಲ ಅಂತ ಅವನ ವಾದ. ಸರಕಾರದ್ದೇ ಆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019ರಿಂದ 2021ರವರೆಗೆ ನಡೆಯಿತು. ಅದರ ಪ್ರಕಾರ ದೇಶದ ಮನೆಗಳಲ್ಲಿ ಅಡಿಗೆಗೆ ಗ್ಯಾಸಿನಂಥ ಶುದ್ಧ ಇಂಧನ ಬಳಸುವವು ಶೇಕಡಾ 58.6. ಪಟ್ಟಣದಲ್ಲಿ ಶೇಕಡಾ 89.7, ಹಳ್ಳಿಯಲ್ಲಿ ಬರೀ 43.2. ಅಂದರೆ ಹಳ್ಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಇನ್ನೂ ಸೌದೆ, ಬೆರಣಿ, ಹತ್ತಿಕಟ್ಟಿಗೆ. ಪಟ್ಟಣದಲ್ಲಿ ಹತ್ತಕ್ಕೆ ಒಂದು ಮನೆ. ಮುಂಬಯಿಯಂಥ ಊರಿನಲ್ಲಿ ಆ ಹತ್ತನೇ ಮನೆಗೆ ಎಷ್ಟೋ ಸಲ ಗೋಡೆಯೇ ಇರುವುದಿಲ್ಲ. ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಜನ ರಸ್ತೆ ಪಕ್ಕದಲ್ಲಿ ಮೂರು ಕಲ್ಲು ಇಟ್ಟು ರೊಟ್ಟಿ ಸುಡುವುದನ್ನು ಲೋಕಲ್ ಟ್ರೇನಿನ ಕಿಟಕಿಯಿಂದ ನಾವೆಲ್ಲ ನೋಡಿದ್ದೇವೆ. ಇವರ ಜೊತೆಗೆ ಬೇಕರಿಗಳಿವೆ, ಮದುವೆ ಅಡಿಗೆಯವರಿದ್ದಾರೆ, ಸ್ಮಶಾನಗಳಿವೆ. ಸೌದೆ ಎಲ್ಲಿಗೂ ಹೋಗಿಲ್ಲ. ನಮ್ಮ ಕಣ್ಣಿಂದ ಹೋಗಿದೆ, ಅಷ್ಟೆ.

ಈಗ ಅಳತೆಗೆ ಬರೋಣ. ಮೈಸೂರಿನ ಕಡೆಯವರು ಸೌದೆ ಅಂತಾರೆ, ಹುಬ್ಬಳ್ಳಿ-ವಿಜಯಪುರದ ಕಡೆ ಕಟ್ಟಿಗಿ, ತುಳುವಿನಲ್ಲಿ ಕಣಕು. ಹೆಸರು ಬೇರೆಯಾದರೂ ಅಳತೆಗಳ ಜಾತಿ ಒಂದೇ. ಕೈಯಲ್ಲಿ ಹಿಡಿಯುವಷ್ಟಕ್ಕೆ ಕಟ್ಟು ಅಥವಾ ಕಂತೆ. ತಲೆಯ ಮೇಲೆ ಹೊರುವಷ್ಟಕ್ಕೆ ಹೊರೆ. ಎತ್ತು ಎಳೆಯುವಷ್ಟಕ್ಕೆ ಗಾಡಿ. ಲಾರಿ ತುಂಬುವಷ್ಟಕ್ಕೆ ಲೋಡು. ಇವುಗಳಲ್ಲಿ ಒಂದಾದರೂ ಸೌದೆಯನ್ನು ಅಳೆಯುತ್ತದೆಯೇ, ಹೇಳಿ. ಹೊರೆ ಅಳೆಯುವುದು ಹೊರುವವಳ ಕುತ್ತಿಗೆಯ ಬಲವನ್ನು. ಗಾಡಿ ಅಳೆಯುವುದು ಎತ್ತಿನ ಬಲವನ್ನು. ಕಟ್ಟು ಅಳೆಯುವುದು ಹಗ್ಗದ ಉದ್ದವನ್ನು. ಮನೆಗೆ ತಾನೇ ತಂದು ತಾನೇ ಉರಿಸುವವರೆಗೆ ಈ ಅಳತೆಗಳಲ್ಲಿ ಯಾವ ತೊಂದರೆಯೂ ಇರಲಿಲ್ಲ. “ನಾಳೆಗೆ ಒಂದು ಹೊರೆ ಬೇಕು” ಅಂದರೆ ಮನೆಯವರಿಗೆಲ್ಲ ಅರ್ಥ ಆಗುತ್ತಿತ್ತು. ಅದೇ ಹೊರೆ ಪೇಟೆಗೆ ಬಂದು ಅದಕ್ಕೊಂದು ರೇಟು ಅಂಟಿಕೊಂಡ ಮೇಲೆ ಲೆಕ್ಕ ಕೆಟ್ಟಿತು.

ಹಗ್ಗದ ವಿಷಯ ಸ್ವಲ್ಪ ನೋಡಿ. ಕಟ್ಟಿನ ಸುತ್ತಳತೆ 36 ಅಂಗುಲ ಇದೆ ಅಂತ ಇಟ್ಟುಕೊಳ್ಳೋಣ. ಒಂದು ದಿನ ಮಾರುವವನು ಅದನ್ನು 30 ಅಂಗುಲ ಮಾಡಿದ. ನೋಡುವವರಿಗೆ ಕಟ್ಟು ಹೆಚ್ಚುಕಡಿಮೆ ಮೊದಲಿನಂತೆಯೇ ಕಾಣುತ್ತದೆ. ಆರಂಗುಲ ತಾನೇ, ಆರರಲ್ಲಿ ಒಂದು ಪಾಲು ಹೋಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಕಟ್ಟು ದುಂಡಗೆ ಇರುತ್ತದೆ. ಸೌದೆ ತುಂಬಿರುವುದು ವೃತ್ತದ ಕ್ಷೇತ್ರಫಲದಲ್ಲಿ, ಸುತ್ತಳತೆಯಲ್ಲಲ್ಲ. 30ರ ವರ್ಗವನ್ನು 36ರ ವರ್ಗದಿಂದ ಭಾಗಿಸಿ, ಉತ್ತರ 0.69. ಅಂದರೆ ಹಗ್ಗ ಶೇಕಡಾ 17ರಷ್ಟು ಗಿಡ್ಡ ಆದಾಗ ಸೌದೆ ಶೇಕಡಾ 30ರಷ್ಟು ಮಾಯ. ಹೈಸ್ಕೂಲಿನಲ್ಲಿ ಕನ್ನಡದಲ್ಲೇ ಬಾಯಿಪಾಠ ಮಾಡಿದ ವೃತ್ತದ ಸೂತ್ರ ಇಂಥಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಈ ತಲೆನೋವು ನಮಗೊಬ್ಬರಿಗೇ ಅಲ್ಲ. ಸೌದೆಯನ್ನು ಹಗ್ಗದಿಂದ ಅಳೆಯುವುದು ಇಂಗ್ಲಿಷಿನವರಿಗೂ ಇತ್ತು. ಹಗ್ಗಕ್ಕೆ ಅವರು ಕಾರ್ಡ್ ಅನ್ನುತ್ತಾರೆ, ಅದೇ ಹೆಸರು ಅಳತೆಗೂ ಬಂತು. ಅಮೆರಿಕದಲ್ಲಿ ಇವತ್ತಿಗೂ ಸೌದೆ ಕಾರ್ಡ್ ಲೆಕ್ಕದಲ್ಲೇ. ಆದರೆ ಅಲ್ಲಿ ಅದು ಹಗ್ಗದ ಮರ್ಜಿಗೆ ಬಿಟ್ಟದ್ದಲ್ಲ. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ ಒತ್ತಾಗಿ ಜೋಡಿಸಿದ ರಾಶಿ, ಒಟ್ಟು 128 ಘನ ಅಡಿ. ಇಷ್ಟಾದರೂ ವ್ಯಾಪಾರಿಗಳು ಸುಮ್ಮನಿರಲಿಲ್ಲ. ಮುಂದಿನಿಂದ ನೋಡಿದರೆ 4 ಅಡಿ ಎತ್ತರ, 8 ಅಡಿ ಉದ್ದ ಇರಬೇಕು, ಹಿಂದಕ್ಕೆ ಮಾತ್ರ ಒಂದೇ ತುಂಡಿನ ಆಳ. ಇದಕ್ಕೆ ‘ಫೇಸ್ ಕಾರ್ಡ್’ ಅಂತ ಹೆಸರಿಟ್ಟರು, ಮುಖದ ಕಾರ್ಡ್ ಅಂತ. ತುಂಡು 16 ಅಂಗುಲದ್ದಾದರೆ ಈ ಮುಖದ ಹಿಂದೆ ನಿಜವಾದ ಕಾರ್ಡಿನ ಮೂರರಲ್ಲಿ ಒಂದೇ ಪಾಲು ಇರುವುದು. ಕೊನೆಗೆ ಅಲ್ಲಿನ ಎಷ್ಟೋ ರಾಜ್ಯಗಳು ಇಂಥ ಹೆಸರುಗಳಲ್ಲಿ ಮಾರುವುದನ್ನೇ ನಿಷೇಧಿಸಿ, ಕಾರ್ಡ್ ಅಥವಾ ಅದರ ಭಾಗ ಎಷ್ಟು ಅಂತ ಹೇಳಿಯೇ ಮಾರಬೇಕು ಅಂತ ನಿಯಮ ಮಾಡಿದವು.

ಫ್ರಾನ್ಸಿನ ಕತೆ ಇನ್ನೂ ಸ್ವಾರಸ್ಯ. ಅಲ್ಲಿ ಸೀಮೆಗೊಂದು ಅಳತೆ, ಜಮೀನುದಾರನಿಗೊಂದು ಅಳತೆ ಇತ್ತು. 1789ರಲ್ಲಿ ರೈತರು ರಾಜನಿಗೆ ಬರೆದುಕೊಟ್ಟ ದೂರುಗಳಲ್ಲಿ ತೂಕ-ಅಳತೆ ಎಲ್ಲ ಕಡೆ ಒಂದೇ ಆಗಬೇಕು ಅನ್ನುವ ಬೇಡಿಕೆ ಮತ್ತೆ ಮತ್ತೆ ಬರುತ್ತದೆ. ಕ್ರಾಂತಿ ಆಯಿತು. 1795ರ ಏಪ್ರಿಲಿನಲ್ಲಿ ಮೆಟ್ರಿಕ್ ಕಾನೂನು ಬಂದಾಗ ಮೀಟರ್, ಲೀಟರ್, ಗ್ರಾಮ್ ಜೊತೆಗೆ ಸೌದೆಗಾಗಿಯೇ ಒಂದು ಅಳತೆ ಹುಟ್ಟಿತು. ಅದರ ಹೆಸರು ಸ್ಟೇರ್, ಅಂದರೆ ಒಂದು ಘನ ಮೀಟರ್ ರಾಶಿ. ನಾವು ಕ್ರಾಂತಿ ಅಂದರೆ ಘೋಷಣೆ ಅಂತ ತಿಳಿದಿದ್ದೇವೆ. ಅವರು ಸೌದೆ ರಾಶಿಯನ್ನೂ ಮರೆಯಲಿಲ್ಲ ನೋಡಿ.

ನಮ್ಮಲ್ಲಿ ಅರಣ್ಯ ಇಲಾಖೆಯವರು ಡಿಪೋದಲ್ಲಿ ಸೌದೆಯನ್ನು ರಾಶಿ ಜೋಡಿಸಿ ಘನ ಮೀಟರ್ ಲೆಕ್ಕ ಹಾಕುವುದುಂಟು. ಹಿಂದಿ ಸೀಮೆಯಲ್ಲಿ ಆ ರಾಶಿಗೆ ಚಟ್ಟಾ ಅಂತಾರೆ. ನಮ್ಮ ಕಿವಿಗೆ ಆ ಶಬ್ದ ಅಷ್ಟು ಶುಭವಲ್ಲ, ಇರಲಿ. ರಾಶಿ ಅಳತೆಯ ತೊಂದರೆ ಏನೆಂದರೆ ಅದರಲ್ಲಿ ಗಾಳಿಯೂ ಸೇರಿರುತ್ತದೆ. ಡೊಂಕು ಕೊಂಬೆಗಳನ್ನು ಅಡ್ಡಾದಿಡ್ಡಿ ಪೇರಿಸಿದರೆ ಒಂದು ಘನ ಮೀಟರಿನಲ್ಲಿ ಅರ್ಧ ಗಾಳಿಯೇ. ನೆಟ್ಟಗಿನ ತುಂಡುಗಳನ್ನು ಒತ್ತಾಗಿ ಜೋಡಿಸಿದರೂ ಮೂರರಲ್ಲೊಂದು ಪಾಲು ಗಾಳಿ ಉಳಿಯುತ್ತದೆ. ಅದೇ ಸೌದೆಯನ್ನು ಗಿಡ್ಡಗೆ ಕಡಿದರೆ ರಾಶಿ ಕುಗ್ಗುತ್ತದೆ. ಒಂದು ಮೀಟರ್ ಉದ್ದದ ತುಂಡುಗಳ ಒಂದು ಸ್ಟೇರನ್ನು 33 ಸೆಂಟಿಮೀಟರಿಗೆ ಕಡಿದು ಮತ್ತೆ ಜೋಡಿಸಿದರೆ ಅದು 0.7 ಘನ ಮೀಟರಿನಲ್ಲಿ ಕೂರುತ್ತದೆ ಅಂತ ಫ್ರಾನ್ಸಿನ ವ್ಯಾಪಾರದಲ್ಲೇ ಒಪ್ಪಿಕೊಂಡ ಲೆಕ್ಕ ಇದೆ. ಮರ ಒಂದು ಚೂರೂ ಕಮ್ಮಿ ಆಗಿಲ್ಲ, ಘನಫಲ ಮಾತ್ರ ಕಮ್ಮಿ ಆಯಿತು. ಜೊತೆಗೆ ಮರದ ಜಾತಿ ಬೇರೆ. ಜಾಲಿ, ಸರ್ವೆ ಮರ ಗಟ್ಟಿ, ಭಾರ. ಬೂರುಗದ ಮರ ಹತ್ತಿಯಂತೆ ಹಗುರ. ಒಂದೇ ಗಾತ್ರದ ಎರಡು ರಾಶಿ ಇದ್ದರೆ ಬೂರುಗದ ರಾಶಿ ಜಾಲಿಯ ರಾಶಿಯ ಅರ್ಧದಷ್ಟೂ ಉರಿಯುವುದಿಲ್ಲ.

ಹಾಗಾದರೆ ತೂಗಿ ಮಾರಿದರೆ ಆಯ್ತಲ್ಲ ಅಂತ ನೀವು ಹೇಳಬಹುದು. ನಮ್ಮ ಹಿರಿಯರೂ ಹಾಗೆಯೇ ಅಂದುಕೊಂಡರು. ತೂಕದಲ್ಲೂ ಮೊದಲು ಗೊಂದಲವೇ ಇತ್ತು. ಬ್ರಿಟಿಷರ ಕಾಲದ ಮದರಾಸು ಮಣ 25 ಪೌಂಡು. ಮುಂಬಯಿ ಮಣ 28 ಪೌಂಡು. ಬಂಗಾಳದಲ್ಲಿ 1833ರಲ್ಲಿ ನಿಗದಿಯಾದ 40 ಸೇರಿನ ಮಣ 82 ಪೌಂಡಿನ ಮೇಲೆ, ಇವತ್ತಿನ ಲೆಕ್ಕದಲ್ಲಿ 37.32 ಕಿಲೋ. ಹೆಸರು ಒಂದೇ, ವಸ್ತು ಮೂರು. 1956ರಲ್ಲಿ ಕಾನೂನು ಬಂದು, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋ ಜಾರಿಯಾಯಿತು. ಮಣ ಸಾಯಲಿಲ್ಲ, ವೇಷ ಬದಲಿಸಿತು. ಉತ್ತರದಲ್ಲಿ 40 ಕಿಲೋ ಮಣವಾಯಿತು, ಗುಜರಾತಿನಲ್ಲಿ 20 ಕಿಲೋ ಮಣವಾಯಿತು. ಆದರೂ ಕಿಲೋ ಬಂದದ್ದು ಒಳ್ಳೆಯದೇ. ಅಕ್ಕಿ, ಬೇಳೆ, ಸಕ್ಕರೆಗೆ ಅದರಿಂದ ನ್ಯಾಯ ಸಿಕ್ಕಿತು.

ಸೌದೆಗೆ ಸಿಗಲಿಲ್ಲ. ಕಾರಣ, ಸೌದೆಯೊಳಗೆ ನೀರಿದೆ.

ಇದು ಈ ಲೇಖನದ ಮುಖ್ಯ ಲೆಕ್ಕ, ದಯವಿಟ್ಟು ಹಾರಿಸಬೇಡಿ. ಈಗಷ್ಟೇ ಕಡಿದ ಮರದಲ್ಲಿ ಅದರ ತೂಕದ ಅರ್ಧದಷ್ಟು ನೀರೇ ಇರಬಹುದು. ಚೆನ್ನಾಗಿ ಗಾಳಿ-ಬಿಸಿಲಿಗೆ ಒಣಗಿದ ಸೌದೆಯಲ್ಲಿ ನೀರು ಶೇಕಡಾ 15ರಿಂದ 20. ಕಿಲೋಗೆ 10 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಂಡು 100 ಕಿಲೋ ಕೊಳ್ಳೋಣ, ಸಾವಿರ ರೂಪಾಯಿ. ಒಣಗಿದ ಸೌದೆಯಾದರೆ ಅದರಲ್ಲಿ 80 ಕಿಲೋ ಮರ, 20 ಕಿಲೋ ನೀರು. ನಿಜವಾದ ಮರಕ್ಕೆ ಬಿದ್ದ ಬೆಲೆ ಕಿಲೋಗೆ 12 ರೂಪಾಯಿ 50 ಪೈಸೆ. ಹಸಿ ಸೌದೆಯಾದರೆ 50 ಕಿಲೋ ಮರ, 50 ಕಿಲೋ ನೀರು. ಮರದ ಬೆಲೆ ಕಿಲೋಗೆ 20 ರೂಪಾಯಿ. ಅಂಗಡಿಯ ಹಲಗೆಯ ಮೇಲೆ ಎರಡಕ್ಕೂ ಒಂದೇ ರೇಟು ಬರೆದಿದೆ, ಆದರೆ ಹಸಿ ಕೊಂಡವನು ಶೇಕಡಾ 60ರಷ್ಟು ಜಾಸ್ತಿ ಕೊಟ್ಟ.

ಅಲ್ಲಿಗೂ ಮುಗಿಯಲಿಲ್ಲ. ಆ ನೀರು ಒಲೆಯೊಳಗೆ ಸುಮ್ಮನೆ ಕೂರುವುದಿಲ್ಲ, ಅದು ಕುದಿದು ಆವಿಯಾಗಬೇಕು. ಅದಕ್ಕೂ ಶಾಖ ಬೇಕು, ಆ ಶಾಖವನ್ನು ಸೌದೆಯೇ ಕೊಡಬೇಕು. ಒಣಗಿದ ಸೌದೆ ಒಂದು ಕಿಲೋಗೆ ಸುಮಾರು 14 ಮೆಗಾಜೂಲ್ ಶಾಖ ಕೊಟ್ಟರೆ, ಅರ್ಧ ನೀರಿರುವ ಸೌದೆ ಕೊಡುವುದು ಸುಮಾರು 8. ಮರ ಜಾಲಿಯೋ ಮಾವೋ ಅನ್ನುವುದರಿಂದ ಈ ಲೆಕ್ಕ ಅಷ್ಟೇನೂ ಬದಲಾಗುವುದಿಲ್ಲ. ತೂಕಕ್ಕೆ ತೂಕ ಹಿಡಿದರೆ ಒಣಗಿದ ಮರಗಳೆಲ್ಲ ಹೆಚ್ಚುಕಡಿಮೆ ಒಂದೇ. ಅಂದರೆ ರಾಶಿ ಅಳತೆಯಲ್ಲಿ ಮೋಸ ಮಾಡುವುದು ಗಾಳಿ ಮತ್ತು ಮರದ ಜಾತಿ. ತೂಕದ ಅಳತೆಯಲ್ಲಿ ಮೋಸ ಮಾಡುವುದು ನೀರು. ಮೇಲೆ ಹೊಗೆ ಉಚಿತ. ಆ ಹೊಗೆ ಕುಡಿಯುವುದು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ.

ಹೋದ ಮಳೆಗಾಲದಲ್ಲಿ ನಾನೂ ನನ್ನ ಕ್ಲಾಸಿನ ಇನ್ನೊಬ್ಬನೂ ಎರಡು ಮೂರು ವಖಾರಗಳಿಗೆ ಹೋಗಿ ವಿಚಾರಿಸಿದೆವು. ಸೌದೆ ಅಂಗಡಿಗೆ ಮರಾಠಿಯಲ್ಲಿ ವಖಾರ ಅನ್ನುತ್ತಾರೆ, ಹುಬ್ಬಳ್ಳಿ ಕಡೆಯ ಗೆಳೆಯರಿಗೆ ವಖಾರಿ ಅಂದರೆ ಬೇಗ ತಿಳಿಯುತ್ತದೆ. ಮಾಲು ಹೇಗೆ ಕೊಳ್ಳುತ್ತೀರಿ ಅಂತ ಕೇಳಿದೆವು. ಲೋಡಿನ ಲೆಕ್ಕ ಅಂದರು. ಹಸಿ ಇದ್ದರೆ? ತೂಕ ಕಟ್ ಮಾಡಿ ದುಡ್ಡು ಕೊಡುತ್ತೇವೆ ಅಂದರು. ಮಾರುವಾಗ? ಕಿಲೋ ಲೆಕ್ಕ. ಹಸಿ ಇದ್ದರೆ? ಮಳೆಗಾಲದಲ್ಲಿ ಒಣಗಿದ್ದು ಎಲ್ಲಿಂದ ತರೋಣ, ರೇಟು ಅದೇ ಅಂದರು. ಅವರು ಯಾವುದನ್ನೂ ಮುಚ್ಚಿಡಲಿಲ್ಲ, ಇದರಲ್ಲಿ ಮುಚ್ಚಿಡುವಂಥದ್ದು ಇದೆ ಅಂತಲೇ ಅವರಿಗೆ ಅನಿಸಿರಲಿಲ್ಲ. ಕೊಳ್ಳುವಾಗ ಸೌದೆಯಲ್ಲಿ ನೀರು ಕಾಣಿಸುತ್ತದೆ, ಮಾರುವಾಗ ಕಾಣಿಸುವುದಿಲ್ಲ.

ಈ ಸರಪಳಿಯ ಆ ಕೊನೆಯಲ್ಲಿ ತಲೆಹೊರೆಯವಳು ಇದ್ದಾಳೆ. ಘಟ್ಟದ ಕೆಳಗೆ, ಬಯಲುಸೀಮೆಯ ಕುರುಚಲು ಕಾಡಿನ ಅಂಚಿನಲ್ಲಿ ಮೈಲಿಗಟ್ಟಲೆ ನಡೆದು, 20–30 ಕಿಲೋ ಹೊತ್ತು ತಂದು ಅವಳು ಮಾರುವುದು ‘ಒಂದು ಹೊರೆ’ಯನ್ನು. ಅವಳ ಹೊರೆಗೆ ತಕ್ಕಡಿ ಇಲ್ಲ, ಕೊಳ್ಳುವವನ ಕಣ್ಣೇ ತಕ್ಕಡಿ. “ಏನವ್ವಾ, ಬರೀ ಪುಳ್ಳೆ ತಂದಿದಿ, ಹಸಿ ಬ್ಯಾರೆ ಐತಿ” ಅಂದರೆ ಅವಳ ರೇಟು ಇಳಿಯಿತು. ಸರಪಳಿಯ ಈ ಕೊನೆಯಲ್ಲಿ ಕಿಲೋ ಲೆಕ್ಕದಲ್ಲಿ ಕೊಳ್ಳುವ ಕೂಲಿಯ ಹೆಂಗಸು. ಅವಳು “ಹಸಿ ಐತಲ್ರೀ” ಅಂದರೆ “ಬೇಕಾದ್ರೆ ತಗೋ, ಬ್ಯಾಡಂದ್ರೆ ಬಿಡು.” ಮಾರುವ ಬಡವಳಿಗೆ ಅಂದಾಜಿನ ಅಳತೆ, ಕೊಳ್ಳುವ ಬಡವಳಿಗೆ ಕಟ್ಟುನಿಟ್ಟಿನ ಅಳತೆ. ನಡುವೆ ಅಳತೆ ಬದಲಾಗುವ ಆ ಒಂದು ಜಾಗದಲ್ಲಿ ಲಾಭ ಹುಟ್ಟುತ್ತದೆ.

ನಮ್ಮ ಕಾಸ್ಟ್ ಅಕೌಂಟೆನ್ಸಿ ಪುಸ್ತಕದಲ್ಲಿ ‘ನಾರ್ಮಲ್ ಲಾಸ್’ ಅಂತ ಒಂದು ಪಾಠ ಇದೆ. ಒಣಗಿ, ಆವಿಯಾಗಿ, ಸೋರಿ ಸಹಜವಾಗಿ ಕಮ್ಮಿಯಾಗುವ ಮಾಲಿನ ಲೆಕ್ಕ. ಆ ನಷ್ಟವನ್ನು ಉಳಿದ ಮಾಲಿನ ಮೇಲೆ ಹಂಚಬೇಕು ಅಂತ ಬರೆದು ನಾವೆಲ್ಲ ಮಾರ್ಕು ತಗೊಂಡಿದ್ದೇವೆ. 100 ಕಿಲೋ ಹಸಿ ಸೌದೆ ಶೇಕಡಾ 20ರ ಮಟ್ಟಕ್ಕೆ ಒಣಗಿದರೆ ಉಳಿಯುವುದು 62.5 ಕಿಲೋ. 37.5 ಕಿಲೋ ನಾರ್ಮಲ್ ಲಾಸ್. ಪ್ರಶ್ನೆ ಏನೆಂದರೆ ಈ ನಷ್ಟ ಯಾರ ಖಾತೆಯಲ್ಲಿ ಆಗುತ್ತದೆ? ವ್ಯಾಪಾರಿ ಒಣಗಿಸಿ ಮಾರಿದರೆ ಅವನ ಖಾತೆಯಲ್ಲಿ. ಹಸಿಯಾಗಿಯೇ ಮಾರಿದರೆ ಗಿರಾಕಿಯ ಒಲೆಯಲ್ಲಿ. ಗಿರಾಕಿ ಖಾತೆ ಬರೆಯುವುದಿಲ್ಲ, ಆದ್ದರಿಂದ ಆ ನಷ್ಟ ಯಾವ ಪುಸ್ತಕದಲ್ಲೂ ಇಲ್ಲ.

ವ್ಯಾಪಾರಿಯ ಕಡೆಯಿಂದಲೂ ನೋಡಬೇಕು, ಇಲ್ಲದಿದ್ದರೆ ಇದು ಭಾಷಣ ಆಗುತ್ತದೆ. ಸೌದೆ ಒಣಗಿಸಲು ತಿಂಗಳುಗಟ್ಟಲೆ ಬೇಕು. ಅದಕ್ಕೆ ಜಾಗ ಬೇಕು, ಮಳೆಗೆ ಮಾಡು ಬೇಕು, ಹಾಕಿದ ದುಡ್ಡಿಗೆ ಬಡ್ಡಿ ಬೇಕು. ಇಷ್ಟೆಲ್ಲ ಮಾಡಿ ಒಬ್ಬ ಪ್ರಾಮಾಣಿಕನು ಒಣಗಿದ ಸೌದೆಯನ್ನು ಕಿಲೋಗೆ 16 ರೂಪಾಯಿಗೆ ಮಾರಿದ ಅನ್ನಿ. ಆಗ ಅವನಿಗೆ ಹಸಿ ಸೌದೆಯಿಂದ ಬರುತ್ತಿದ್ದ ಅದೇ ಸಾವಿರ ರೂಪಾಯಿ ಬರುತ್ತದೆ, ಜಾಗದ ಬಾಡಿಗೆ ಕೈಯಿಂದ. ಪಕ್ಕದವನು 10 ರೂಪಾಯಿಗೆ ಹಸಿ ಮಾರುತ್ತಿದ್ದಾನೆ. ಜನ ಯಾರ ಹತ್ತಿರ ಹೋಗುತ್ತಾರೆ? ಕೆಟ್ಟ ನಾಣ್ಯ ಒಳ್ಳೆ ನಾಣ್ಯವನ್ನು ಪೇಟೆಯಿಂದ ಓಡಿಸುತ್ತದೆ ಅಂತ ಗ್ರೆಷಾಮನ ನಿಯಮ ಓದಿದ್ದೇವಲ್ಲ, ಇಲ್ಲಿ ಹಸಿ ಸೌದೆ ಒಣ ಸೌದೆಯನ್ನು ಓಡಿಸುತ್ತದೆ. ಹಾಗಾಗಿ ಇದನ್ನು ಒಬ್ಬ ವ್ಯಾಪಾರಿಯ ದುಷ್ಟತನ ಅಂತ ಹೇಳಿ ಮುಗಿಸಲು ನಾನು ತಯಾರಿಲ್ಲ. ನೀರನ್ನು ಲೆಕ್ಕಕ್ಕೆ ಹಿಡಿಯದ ಅಳತೆ ಒಳ್ಳೆಯವನನ್ನೂ ಕೆಡಿಸುತ್ತದೆ.

ಇದನ್ನು ಗ್ಯಾಸ್ ಸಿಲಿಂಡರಿನ ಜೊತೆ ಇಟ್ಟು ನೋಡಿ. ಮನೆಗೆ ಬರುವ ಸಿಲಿಂಡರಿನ ಮೇಲೆ ಖಾಲಿ ತೂಕ ಬರೆದಿರುತ್ತದೆ, ಒಳಗೆ 14.2 ಕಿಲೋ ಗ್ಯಾಸ್ ಇರಬೇಕು. ಅನುಮಾನ ಬಂದರೆ ತಂದವನ ಎದುರೇ ತೂಗಿಸಬಹುದು. ಮಧ್ಯಮವರ್ಗದ ಬೆಂಕಿಗೆ ಇಷ್ಟು ಕಾವಲಿದೆ. ಇನ್ನೊಂದು ಲೆಕ್ಕ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು, ಒಂದೂವರೆ ಪಾಲು ಮಾತ್ರ ಪಾತ್ರೆಗೆ ಮುಟ್ಟುತ್ತದೆ. ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು. ಹೀಗೆ ಹಿಡಿದರೆ ಒಂದು ಸಿಲಿಂಡರಿನ ಕೆಲಸಕ್ಕೆ ಸುಮಾರು 200 ಕಿಲೋ ಒಣ ಸೌದೆ ಬೇಕು. ಹಸಿಯಾದರೆ 350 ಕಿಲೋ ಮೀರುತ್ತದೆ. ನಾವು ಲೆಕ್ಕಕ್ಕೆ ಇಟ್ಟ 10 ರೂಪಾಯಿಯಲ್ಲೇ ಗುಣಿಸಿ, ಸಿಲಿಂಡರಿನ ಬೆಲೆ ನಿಮಗೇ ಗೊತ್ತಿದೆ. ಬಡವನ ಬೆಂಕಿ ಅಗ್ಗ ಅನ್ನುವುದು ನಮ್ಮ ಭ್ರಮೆ. ಮತ್ತೆ ಅವರು ಸೌದೆಯನ್ನೇ ಯಾಕೆ ಕೊಳ್ಳುತ್ತಾರೆ? ಯಾಕೆಂದರೆ ಸಂಜೆ ಕೂಲಿ ಬಂದ ಮೇಲೆ ಮೂವತ್ತು ರೂಪಾಯಿಗೆ ಮೂರು ಕಿಲೋ ಸೌದೆ ಸಿಗುತ್ತದೆ. ಮೂವತ್ತು ರೂಪಾಯಿಗೆ ಗ್ಯಾಸ್ ಸಿಗುವುದಿಲ್ಲ. 5 ಕಿಲೋದ ಸಣ್ಣ ಸಿಲಿಂಡರ್ ಬಂದಿದೆ ನಿಜ, ಅದೂ ಒಂದು ದಿನದ ಕೂಲಿಯಲ್ಲಿ ಉಳಿಯುವ ದುಡ್ಡಿಗೆ ಎಟುಕುವುದಿಲ್ಲ. ಸಣ್ಣ ಅಳತೆಯಲ್ಲಿ ಕೊಳ್ಳುವವನು ಯಾವಾಗಲೂ ದುಬಾರಿಗೆ ಕೊಳ್ಳುತ್ತಾನೆ.

ಕಾನೂನು ಇಲ್ಲವೇ? ಇದೆ. 2009ರ ಲೀಗಲ್ ಮೆಟ್ರಾಲಜಿ ಕಾಯಿದೆ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬೆಲೆ ಹೇಳುವುದು, ಬಿಲ್ಲು ಬರೆಯುವುದು ಎಲ್ಲ ಅಧಿಕೃತ ತೂಕ, ಅಳತೆ ಅಥವಾ ಎಣಿಕೆಯಲ್ಲೇ ಆಗಬೇಕು, ಹೇಳಿದ್ದಕ್ಕಿಂತ ಹೆಚ್ಚು ಪಡೆಯುವ ಅಥವಾ ಕಡಿಮೆ ಕೊಡುವ ಯಾವ ರೂಢಿಯೂ ಸಲ್ಲದು ಅನ್ನುತ್ತದೆ. ಅದು ತಕ್ಕಡಿಯನ್ನು ಪರೀಕ್ಷಿಸುತ್ತದೆ, ತಕ್ಕಡಿಯ ಮೇಲಿನ ನೀರನ್ನು ನೋಡುವುದಿಲ್ಲ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಮುಂಬಯಿಯ ಸೌದೆ-ಕಲ್ಲಿದ್ದಲು ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸಿನಂಥ ಇಂಧನಕ್ಕೆ ಬದಲಾಗಬೇಕು ಅಂತ ಆದೇಶ ಕೊಟ್ಟಿತು. ಊರಿನ ಗಾಳಿ ಕೆಟ್ಟದ್ದಕ್ಕೆ ಅದು ಸರಿಯೇ. ಆದರೆ ನೋಡಿ, ಹೊಗೆ ಎಲ್ಲರ ಮೂಗಿಗೆ ಬಂದಾಗ ಕೋರ್ಟು ಎದ್ದಿತು. ಒಬ್ಬಳ ಒಲೆಯ ಹೊಗೆ ಅವಳ ಮೂಗಿನಲ್ಲೇ ಉಳಿದರೆ ಅದು ಯಾರ ಕೇಸೂ ಅಲ್ಲ.

ಅಳೆಯಬೇಕು ಅನ್ನುವ ಮನಸ್ಸಿದ್ದರೆ ಅಳೆಯಬಹುದು ಅಂತ ನಮ್ಮ ನಾಡಿನವರೇ ತೋರಿಸಿದ್ದಾರೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಅನ್ನುವ ವಿಭಾಗ ಶುರು ಮಾಡಿದರು. ಆ ತಂಡದವರು ಕುಣಿಗಲ್ ತಾಲೂಕಿನ ಹಳ್ಳಿಗಳಿಗೆ ಹೋಗಿ ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರಲು ಯಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಲೆಕ್ಕ ಇಟ್ಟರು. ಕಡಿಮೆ ಸೌದೆಯಲ್ಲಿ ಉರಿಯುವ ಅಸ್ತ್ರ ಒಲೆ ಆ ಕೆಲಸದಿಂದಲೇ ಬಂತು. 1983ರಲ್ಲಿ ಅವರೂ ಸುಧಾಕರ ರೆಡ್ಡಿಯವರೂ ಬೆಂಗಳೂರು ಪಟ್ಟಣದ ಸೌದೆಯ ಬಗ್ಗೆ ಒಂದು ಲೇಖನ ಬರೆದರು. ಮೇಲು-ಕೀಳಿನ ಪದರಗಳಿರುವ ಸಮಾಜದಲ್ಲಿ ಇಂಧನ ಅನ್ನುವ ಅರ್ಥದ ತಲೆಬರಹ ಅದಕ್ಕೆ. ದೊಡ್ಡ ವಿಜ್ಞಾನಿಗಳು ಹಳ್ಳಿಯ ಹೆಂಗಸಿನ ಹೊರೆಯನ್ನು ಲೆಕ್ಕಕ್ಕೆ ಹಿಡಿಯಲು ನಾಚಿಕೊಳ್ಳಲಿಲ್ಲ. ನಾವು ಯಾಕೆ ನಾಚಬೇಕು?

ಹಾಗಾದರೆ ಏನು ಮಾಡಬೇಕು ಅಂತೀರಿ? ನನ್ನ ಅಭಿಪ್ರಾಯ ಮೂರು ಮಾತಿನದು. ಮೊದಲನೆಯದು, ಕಿಲೋ ರೇಟಿನ ಪಕ್ಕದಲ್ಲಿ ‘ಹಸಿ’, ‘ಒಣಗಿದ್ದು’ ಅಂತ ಎರಡು ರೇಟು ಬರೆಯುವುದು ಕಡ್ಡಾಯ ಆಗಬೇಕು. ಮರಕ್ಕೆ ಚುಚ್ಚಿದರೆ ನೀರು ಶೇಕಡಾ ಎಷ್ಟು ಅಂತ ತೋರಿಸುವ ಕೈಯಳತೆಯ ಮೀಟರ್ ಇದೆ. ತಕ್ಕಡಿ ಪರೀಕ್ಷೆಗೆ ಬರುವ ಇನ್‌ಸ್ಪೆಕ್ಟರ ಕೈಗೆ ಅದೊಂದನ್ನು ಕೊಡುವುದು ಸರಕಾರಕ್ಕೆ ದೊಡ್ಡ ಖರ್ಚಲ್ಲ. ಎರಡನೆಯದು, ತಲೆಹೊರೆಯವಳಿಂದ ಕೊಳ್ಳುವ ಕಡೆಯೂ ತಕ್ಕಡಿ ಇರಬೇಕು. ಕೊಳ್ಳುವುದಕ್ಕೂ ಮಾರುವುದಕ್ಕೂ ಒಂದೇ ಅಳತೆ ಇದ್ದರೆ ಅರ್ಧ ಮೋಸ ತಾನಾಗಿ ನಿಲ್ಲುತ್ತದೆ. ಮೂರನೆಯದು ಗಿರಾಕಿಗೆ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡಬೇಕು. ಒಣಗಿದ್ದು ಠಣ್ ಅನ್ನುತ್ತದೆ, ಹಸಿಯದು ಧಪ್ ಅನ್ನುತ್ತದೆ. ಒಣಗಿದ ಸೌದೆಯ ತುದಿಯಲ್ಲಿ ಬಿರುಕು ಇರುತ್ತದೆ, ತೊಗಟೆ ಸಲೀಸಾಗಿ ಕಳಚುತ್ತದೆ. ಸೌದೆ ಉರಿಸಿ ಗೊತ್ತಿರುವ ಎಲ್ಲ ಅಜ್ಜಿಯಂದಿರಿಗೂ ಇದು ಗೊತ್ತು. ಆ ತಿಳಿವಳಿಕೆಗೆ ಪೇಟೆಯಲ್ಲಿ ಬೆಲೆ ಇಲ್ಲ, ಯಾಕೆಂದರೆ ಧಪ್ ಅಂದರೂ ರೇಟು ಅದೇ.

ಇನ್ನು ಸಂಘದವರಿಗೆ ಒಂದು ಮಾತು. ಪ್ರತಿ ವರ್ಷ ಕನ್ನಡ ಉಳಿಸಿ ಅಂತ ಭಾಷಣ ಸ್ಪರ್ಧೆ ಇಡುತ್ತೇವೆ. ಹೊರೆ, ಕಂತೆ, ಗಾಡಿ, ಮಣ ಇವೂ ಕನ್ನಡವೇ ತಾನೇ. ಆದರೆ ಬರೀ ಶಬ್ದವನ್ನು ಪಟ್ಟಿ ಮಾಡಿದರೆ ಸಾಲದು, ಶಬ್ದದ ಪಕ್ಕದಲ್ಲಿ ತೂಕ ಇರಬೇಕು. ದೀಪಾವಳಿ ರಜೆಗೆ ಊರಿಗೆ ಹೋಗುವವರು ಒಂದು ಕೊಕ್ಕೆ ತಕ್ಕಡಿ ತಗೊಂಡು ಹೋಗಿ. ನಿಮ್ಮ ಕಡೆ ಸೌದೆಗೆ ಏನಂತಾರೆ, ಒಂದು ಹೊರೆ ಎಷ್ಟು ಕಿಲೋ ತೂಗಿತು, ಅದನ್ನು ಯಾರು ಹೊತ್ತು ತಂದರು, ಎಷ್ಟು ದೂರದಿಂದ ತಂದರು, ಅವರ ಕೈಗೆ ಎಷ್ಟು ದುಡ್ಡು ಬಂತು, ಅದೇ ಸೌದೆ ಪೇಟೆಯಲ್ಲಿ ಎಷ್ಟಕ್ಕೆ ಹೋಯಿತು ಅಂತ ಒಂದು ಚೀಟಿಯಲ್ಲಿ ಬರೆದು ತನ್ನಿ. ಹಸಿಯೋ ಒಣಗಿದ್ದೋ ಅನ್ನುವುದನ್ನು ಮರೆಯಬೇಡಿ. ನೋಟೀಸ್ ಬೋರ್ಡಿನ ಕೆಳಗೆ ಸಂಘದ ಡಬ್ಬಿ ಇದೆ, ಅದರಲ್ಲಿ ಹಾಕಿ. ಲೆಕ್ಕ ಕೂಡಿಸುವ ಕೆಲಸ ನನ್ನದು.